ಷಿಕಾಗೋ ನಗರದ ಚಂಚಲ ಹವೆ

ಅಮೆರಿಕದ ಷಿಕಾಗೋ ನಗರದಲ್ಲಿ 2019ರ ಜನವರಿ 30ರಂದು ಉಷ್ಣತೆಯು ಸೊನ್ನೆಗಿಂತ ಸುಮಾರು 31 ಸೆಂಟಿಗ್ರೇಡ್ ಡಿಗ್ರಿ ಕೆಳಗಿಳಿಯಿತು. ಐದೇ ದಿನಗಳ ಬಳಿಕ ಅದು ಸೊನ್ನೆಯ ಮೇಲೆ 10 ಡಿಗ್ರಿಯನ್ನು ದಾಟಿತ್ತು! ಇಂತಹ ಚಾಂಚಲ್ಯಕ್ಕೆ ಕಾರಣವೇನು?

ಭೂಪಟವನ್ನು ತೆರೆದು ನೋಡೋಣ. ಉತ್ತರ ಅಮೆರಿಕದ ದೊಡ್ಡ ಪರ್ವತಶ್ರೇಣಿಗಳು ಉತ್ತರದಿಂದ ದಕ್ಷಿಣಕ್ಕೆ ಹಬ್ಬಿವೆ. ನಡುವಣ ಬಯಲಿಗೆ ಅಡ್ಡಗೋಡೆಯಿಲ್ಲ. ಆದುದರಿಂದ ಧ್ರುವಪ್ರದೇಶದ ಕೊರೆಯುವ ಒಣಗಾಳಿಯೂ ಮೆಕ್ಸಿಕೋ ಕೊಲ್ಲಿಯ ತೇವಭರಿತ ಬಿಸಿಗಾಳಿಯೂ ಯಾವ ತಡೆಯೂ ಇಲ್ಲದೆ ಈ ನಗರವನ್ನು ಮುಟ್ಟುತ್ತವೆ. ಅವೆರಡರ ನಡುವಣ ಗಡಿಯು ಸರಿದಂತೆ ಹವೆಯೂ ಕೆಲವೇ ಗಂಟೆಗಳಲ್ಲಿ ಬದಲಾಗುತ್ತದೆ.

ಚಳಿಯಂತೆಯೇ ಸೆಕೆಯೂ ಅಪಾಯಕರ. 1995ರ ಜುಲೈ 13ರಂದು ಅಲ್ಲಿ ಉಷ್ಣತೆಯು 41 ಡಿಗ್ರಿಗೇರಿತು. ಬೆವರು ಆವಿಯಾಗುವಾಗ ದೇಹದ ಶಾಖವನ್ನು ಕೊಂಡೊಯ್ಯುತ್ತದೆ. ಗಾಳಿಯು ತೇವದಿಂದ ತುಂಬಿದಾಗ ಈ ಕ್ರಿಯೆಯು ಕುಂಠಿತವಾಗುತ್ತದೆ. ಆ ಸೆಕೆಗೆ 700ಕ್ಕೂ ಹೆಚ್ಚು ಮಂದಿ ಬಲಿಯಾದರು. ಅವರಲ್ಲಿ ಅನೇಕರು ಒಂಟಿಯಾಗಿ ಬಾಳುತ್ತಿದ್ದ ವೃದ್ಧರು. ಮನೆಯಲ್ಲಿ ಹವಾನಿಯಂತ್ರಣ ಯಂತ್ರವಿದ್ದವರಿಗೂ ನೆಂಟರಿಷ್ಟರ ಒಡನಾಟವಿದ್ದವರಿಗೂ ಅಪಾಯವು ಕಡಮೆಯಾಗಿತ್ತೆಂದು ಬಳಿಕ ನಡೆದ ಅಧ್ಯಯನವು ತೋರಿಸಿತು.

ಗಾಳಿಯ ದಾರಿಗೆ ನಾವು ಗೋಡೆ ಕಟ್ಟಲಾರೆವು. ಆದರೆ ಹವಾಮುನ್ಸೂಚನೆಯನ್ನು ಕೇಳಿದೊಡನೆ ನೆರೆಮನೆಯ ಮುದುಕರ ಬಾಗಿಲನ್ನು ತಟ್ಟಬಲ್ಲೆವು.