ನಿಮಗಿದು ಗೊತ್ತೆ? ಜನ ಕಡಿಮೆ, ಸ್ಥಾನವೂ ಕಡಿಮೆಯೆ?

ಬೆಳಗಾವಿ ಜಿಲ್ಲೆಗೆ ವಿಧಾನಸಭೆಯಲ್ಲಿ 18 ಸ್ಥಾನ, ಕೊಡಗಿಗೆ ಎರಡೇ. ಒಂದು ಕಾಲಕ್ಕೆ 24 ಸದಸ್ಯರ ಸ್ವಂತ ವಿಧಾನಸಭೆ ಇದ್ದ ನಾಡು ಅದು. 1956ರಲ್ಲಿ ಮೈಸೂರು ರಾಜ್ಯಕ್ಕೆ ಸೇರಿತು. ಮುಂದೆ ಮೂರಿದ್ದ ಕ್ಷೇತ್ರಗಳು 2008ರ ಮರುವಿಂಗಡಣೆಯಲ್ಲಿ ಎರಡಾದವು. ಕಾರಣ 2001ರ ಜನಗಣತಿ. ಮುಂದೆ 2011ರಲ್ಲಿ ಬೆಳಗಾವಿಯ ಜನ ಸುಮಾರು 47.8 ಲಕ್ಷ, ಕೊಡಗಿನವರು 5.54 ಲಕ್ಷ. ಚದರ ಕಿಲೋಮೀಟರಿಗೆ 135 ಮಂದಿ, ರಾಜ್ಯದಲ್ಲೇ ಕಡಿಮೆ. ನೀರಿಲ್ಲದ ಕಡೆ ಜನ ನಿಲ್ಲುವುದಿಲ್ಲ ಎನ್ನುತ್ತೇವೆ. ಕೊಡಗಿನಲ್ಲಿ ಮಳೆಗೇನು ಬರವೆ? ಅಲ್ಲಿ ಕಾಡು, ಗುಡ್ಡ, ಕಾಫಿ ತೋಟಗಳೇ ನೆಲ ಹಿಡಿದಿವೆ.

ಎಲ್ಲರ ಮತಕ್ಕೂ ಒಂದೇ ಬೆಲೆ ಎಂದಮೇಲೆ ಇದು ನ್ಯಾಯವೇ ಅಲ್ಲವೆ? ಹೌದು, ಒಂದು ಸದನದ ಮಟ್ಟಿಗೆ; ಎರಡನೆಯ ಸದನದ ಲೆಕ್ಕ ಬೇರೆ ಇರಬಹುದು. ದಕ್ಷಿಣ ಆಫ್ರಿಕದ ನಾರ್ದರ್ನ್ ಕೇಪ್ ಪ್ರಾಂತ ಕಲಹರಿ, ಕರೂಗಳ ಒಣನೆಲ. ದೇಶದ ವಿಸ್ತೀರ್ಣದಲ್ಲಿ ಶೇ 30ರಷ್ಟು ಅದರದೇ, ಆದರೆ 2022ರ ಗಣತಿಯಲ್ಲಿ ಸಿಕ್ಕ ಜನ ಸುಮಾರು 13.5 ಲಕ್ಷ, ಚದರ ಕಿಲೋಮೀಟರಿಗೆ ನಾಲ್ವರೂ ಇಲ್ಲ. ಹೀಗಿದ್ದೂ ಸಂಸತ್ತಿನ ಮೇಲ್ಮನೆಯಲ್ಲಿ ಜನದಟ್ಟಣೆಯ ಪ್ರಾಂತವಾದ ಗೌಟೆಂಗ್‌ಗೆ ಎಷ್ಟೋ ಅದಕ್ಕೂ ಅಷ್ಟೇ, 10 ಪ್ರತಿನಿಧಿಗಳು. ನಮ್ಮಲ್ಲೂ ಇದರ ಛಾಯೆಯಿದೆ: ವಿಧಾನ ಪರಿಷತ್ತಿನ ಸ್ಥಳೀಯ ಸಂಸ್ಥೆಗಳ ಕ್ಷೇತ್ರದಿಂದ ಬೆಳಗಾವಿಗೆ ಎರಡು ಸ್ಥಾನ, ಕೊಡಗಿಗೆ ಒಂದು.