ಅಮೆರಿಕೆಯ ಕಾಲೇಜುಗಳು ಕೇಳುವ ‘ಜಿ.ಪಿ.ಎ.’

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಕೆಲವರು ತಮ್ಮ ಹೆಣ್ಣುಮಕ್ಕಳನ್ನು ಅಮೆರಿಕೆಯ ಕಾಲೇಜುಗಳಿಗೆ ಕಳುಹಿಸಬೇಕೆಂಬ ಅಪೇಕ್ಷೆಯುಳ್ಳವರಾಗಿದ್ದಾರೆ. ಅರ್ಜಿಯಲ್ಲಿ ‘ಜಿ.ಪಿ.ಎ.’ ಎಂಬ ಅಂಕಣವನ್ನು ಕಂಡು, ಅದನ್ನು ಲೆಕ್ಕಹಾಕಿ ರುಜು ಮಾಡಿಕೊಡಬೇಕೆಂದು ನಮ್ಮನ್ನು ಕೇಳುವುದುಂಟು. ಆದಕಾರಣ ಅದರ ಕ್ರಮವನ್ನು ಇಲ್ಲಿ ವಿವರಿಸುತ್ತೇವೆ.

ಆ ದೇಶದ ಹೈಸ್ಕೂಲುಗಳಲ್ಲಿ ಪ್ರತಿಯೊಂದು ವಿಷಯಕ್ಕೂ ಅಕ್ಷರರೂಪದ ದರ್ಜೆಯನ್ನು ಕೊಡುವುದು ವಾಡಿಕೆ. ‘ಎ’ಗೆ 4, ‘ಬಿ’ಗೆ 3, ‘ಸಿ’ಗೆ 2, ‘ಡಿ’ಗೆ 1, ತೇರ್ಗಡೆಯಾಗದ ‘ಎಫ್’ಗೆ ಸೊನ್ನೆ. ವಿಷಯಕ್ಕೆ ‘ಕ್ರೆಡಿಟ್’ ಎಂಬ ತೂಕವೂ ಉಂಟು. ಒಬ್ಬ ಹುಡುಗಿಗೆ ಗಣಿತ ಮತ್ತು ಚರಿತ್ರೆಗಳಲ್ಲಿ ‘ಎ’, ವಿಜ್ಞಾನ ಮತ್ತು ಇಂಗ್ಲಿಷುಗಳಲ್ಲಿ ‘ಬಿ’ ಬಂದಿದ್ದು, ಇವು ಒಂದೊಂದು ಕ್ರೆಡಿಟ್ಟಿನವೆಂದೂ, ಅರ್ಧ ಕ್ರೆಡಿಟ್ಟಿನ ಸಂಗೀತದಲ್ಲಿ ‘ಎ’ ಬಂದಿದೆಯೆಂದೂ ಎಣಿಸೋಣ. ಮೊದಲ ನಾಲ್ಕರಿಂದ 14, ಸಂಗೀತದಿಂದ 2, ಒಟ್ಟು 16. ಇದನ್ನು ನಾಲ್ಕೂವರೆ ಕ್ರೆಡಿಟ್ಟಿನಿಂದ ಭಾಗಿಸಲು 3.56 ಬರುವುದು. ತೂಕವನ್ನು ಮರೆತು ಐದು ವಿಷಯಗಳಿಂದ ಭಾಗಿಸಿದವರಿಗೆ 3.6 ಬಂದು ಲೆಕ್ಕ ತಪ್ಪುವುದು.

ಕಠಿಣತರದ ಪಾಠಗಳಿಗೆ ಹೆಚ್ಚು ಅಂಕ ಕೊಡುವ ಶಾಲೆಗಳೂ ಉಂಟು. ಅಲ್ಲಿ ಅದೇ ಹುಡುಗಿಯ ಗಣಿತವು ‘ಎ.ಪಿ.’ ತರಗತಿಯದಾಗಿದ್ದರೆ ‘ಎ’ಗೆ 5 ಸಂದು, ಸರಾಸರಿಯು 3.78 ಆಗುವುದು. ಹೀಗಿರುವುದರಿಂದ ಅನೇಕ ಕಾಲೇಜುಗಳು ಶಾಲೆಯ ಲೆಕ್ಕವನ್ನು ನೆಚ್ಚದೆ ತಾವೇ ಮತ್ತೆ ಎಣಿಸುತ್ತವೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾನಿಲಯವು ಆ ದೇಶದ ಶಾಲೆಗಳ ಮಕ್ಕಳ ವಿಷಯದಲ್ಲಿ ಒಂಬತ್ತನೆಯ ತರಗತಿಯ ದರ್ಜೆಗಳನ್ನು ಸರಾಸರಿಗೆ ಸೇರಿಸದೆ, ಹತ್ತು ಮತ್ತು ಹನ್ನೊಂದನೆಯ ತರಗತಿಗಳವನ್ನೇ ಮುಖ್ಯವಾಗಿ ಎಣಿಸುತ್ತದೆ.

ಇನ್ನು ನಮ್ಮ ಮಕ್ಕಳ ಮಾತು. ನೂರಕ್ಕೆ ಬಂದ ಅಂಕವನ್ನು 25ರಿಂದ ಭಾಗಿಸಿದರೆ ಸಾಕೆಂದು ಹಲವರು ಭಾವಿಸುತ್ತಾರೆ. ಇದು ಸರ್ವಥಾ ಕೂಡದು. ನಮ್ಮ ಪಬ್ಲಿಕ್ ಪರೀಕ್ಷೆಯಲ್ಲಿ ಶೇಕಡಾ 62 ಪಡೆದವಳು ಪ್ರಥಮ ದರ್ಜೆಯವಳು. ಭಾಗಿಸಿದಾಗಲಾದರೋ 2.48 ಮಾತ್ರವೇ ಆಗಿ, ‘ಬಿ’ಗೂ ‘ಸಿ’ಗೂ ನಡುವೆ ನಿಲ್ಲುವಳು. ಹುಡುಗಿಯ ವರ್ಷಗಳ ದುಡಿಮೆಯನ್ನು ತಾಯಿತಂದೆಗಳೇ ಹೀಗೆ ಕುಗ್ಗಿಸಬೇಕೆ? ಹೆಚ್ಚಿಸಿ ಬರೆಯುವುದಂತೂ ಅದಕ್ಕಿಂತಲೂ ಕೆಟ್ಟದ್ದು. ಅಂಕಪಟ್ಟಿಯೊಡನೆ ತಾಳೆಯಾಗದಿದ್ದರೆ ಮಗುವಿನ ಸತ್ಯಸಂಧತೆಯನ್ನೇ ಸಂದೇಹಿಸುವರು. ನಾವು ಇಂತಹ ಅಂಕಿಗೆ ರುಜು ಹಾಕುವುದಿಲ್ಲವೆಂದಾಗ ಕೆಲವರು ಮುನಿಸಿಕೊಂಡದ್ದೂ ಉಂಟು.

ಅನೇಕ ಕಾಲೇಜುಗಳಿಗೆ ಒಂದೇ ಅರ್ಜಿಯಾಗಿರುವ ‘ಕಾಮನ್ ಅಪ್ಲಿಕೇಷನ್’ನಲ್ಲಿ, ಶಾಲೆಯು ಜಿ.ಪಿ.ಎ. ಕೊಡದಿದ್ದರೆ ಆ ಸ್ಥಳವನ್ನು ಬರಿದಾಗಿ ಬಿಡಬಹುದು. ಕ್ಯಾಲಿಫೋರ್ನಿಯಾದವರೂ ಪರದೇಶದ ಅಂಕಗಳನ್ನು ಪರಿವರ್ತಿಸದೆ ಇದ್ದಂತೆಯೇ ಬರೆಯಬೇಕೆನ್ನುತ್ತಾರೆ. ಯಾವುದಾದರೂ ಕಾಲೇಜು ಹೊರಗಿನ ಸಂಸ್ಥೆಯಿಂದ ಪರಿವರ್ತನೆ ಮಾಡಿಸಿರೆಂದು ತಾನೇ ಕೇಳಿದರೆ ಅದರಂತೆ ನಡೆಯತಕ್ಕದ್ದು.

ಆದರೆ ಅವರು ಸಾಮಾನ್ಯವಾಗಿ ಒಂಬತ್ತರಿಂದ ಹನ್ನೆರಡನೆಯ ತರಗತಿಯವರೆಗಿನ ನಾಲ್ಕು ವರ್ಷಗಳ ಪಟ್ಟಿಯನ್ನು ಕೇಳುತ್ತಾರೆ. ನಮ್ಮ ಮನೆಗಳಲ್ಲಿ ಹತ್ತನೆಯ ತರಗತಿಯ ಅಂಕಪಟ್ಟಿಗೆ ಚೌಕಟ್ಟು ಹಾಕಿಸುತ್ತಾರೆ. ಒಂಬತ್ತನೆಯದು ಹಳೆಯ ಕಾಗದದವನ ಪಾಲಾಗುತ್ತದೆ! ಅದು ಕಳೆದುಹೋಗಿದ್ದರೆ ಶಾಲೆಯ ದಾಖಲೆಯಿಂದ ನಕಲು ತೆಗೆದು ಮೊಹರು ಹಾಕಿ ಕೊಡುವೆವು, ಪಿ.ಯು. ತರಗತಿಗಳದ್ದನ್ನು ಆಯಾ ಕಾಲೇಜಿನಿಂದ ಪಡೆಯಬೇಕು. ಹಲವು ಕಾಲೇಜುಗಳ ಮೊದಲ ಗಡುವು ನವೆಂಬರ್ 1ನೆಯ ತಾರೀಖಿನ ಆಸುಪಾಸಿನಲ್ಲಿ ಬೀಳುವುದರಿಂದ, ದಸರಾ ರಜೆಗೆ ಮುಂಚೆಯೇ ಪತ್ರ ಬರೆದು ತಿಳಿಸಬೇಕಾಗಿ ಕೋರುತ್ತೇವೆ.