ತಿಲಕದ್ವೀಪದ ಭವಿಷ್ಯಾನುರೂಪೆ: ಶ್ರುತಪಂಚಮಿ ಕಥೆಯ ಧೀರ ಶ್ರಾವಿಕೆ

ಶ್ರುತಪಂಚಮಿ ವ್ರತದ ಮಹಿಮೆಯನ್ನು ಹೇಳುವಾಗ ಹಿರಿಯರು ಭವಿಷ್ಯದತ್ತನ ಕಥೆಯನ್ನು ನೆನೆಯುತ್ತಾರೆ. ಕಥೆಗೆ ಹೆಸರು ಅವನದು. ಆದರೆ ಅದರ ಕಷ್ಟದ ಪಾಲು ಅವನ ಪತ್ನಿ ಭವಿಷ್ಯಾನುರೂಪೆಯದು. ನಿರ್ಜನ ದ್ವೀಪದಲ್ಲಿ ಒಬ್ಬಳೇ ಬದುಕಿ, ಮುಂದೆ ರಾಣಿಯಾದ ಈ ತರುಣಿಯ ಬಗ್ಗೆ ತಿಳಿಯೋಣ.

ಕೃತಿಯ ಪರಿಚಯ

ಈ ಕಥೆ ಪ್ರಾಕೃತ ಮತ್ತು ಅಪಭ್ರಂಶ ಎರಡರಲ್ಲೂ ಇದೆ. ಮಹೇಶ್ವರಸೂರಿಗಳ ಪ್ರಾಕೃತ 'ನಾಣಪಂಚಮೀಕಹಾ'ದ ಹತ್ತು ಕಥೆಗಳಲ್ಲಿ ಕೊನೆಯದು ಇದೇ. ಸುಮಾರು 10ನೆಯ ಶತಮಾನದ ಕವಿ ಧನಪಾಲನು ಇದನ್ನು 22 ಸಂಧಿಗಳ 'ಭವಿಸಯತ್ತಕಹಾ' ಎಂಬ ಅಪಭ್ರಂಶ ಕಾವ್ಯವಾಗಿ ರಚಿಸಿದನು. ಇದರ ಹಸ್ತಪ್ರತಿಯನ್ನು 1914ರಲ್ಲಿ ಅಹಮದಾಬಾದಿನಲ್ಲಿ ಕಂಡ ಜರ್ಮನ್ ವಿದ್ವಾಂಸ ಹರ್ಮನ್ ಯಾಕೋಬಿ 1918ರಲ್ಲಿ ಪ್ರಕಟಿಸಿದರು. ಅಪಭ್ರಂಶ ಭಾಷೆಯ ಅಧ್ಯಯನಕ್ಕೆ ಇದು ದೊಡ್ಡ ತಿರುವು ಕೊಟ್ಟಿತು.

ಅಸುರನ ಊರಿನಲ್ಲಿ ಒಬ್ಬಳೇ

ಗಜಪುರ ಎಂದರೆ ಹಸ್ತಿನಾಪುರ. ಅಲ್ಲಿಯ ಶ್ರೇಷ್ಠಿ ಧನಪತಿ ತನ್ನ ಪತ್ನಿ ಕಮಲಶ್ರೀಯನ್ನು ತೊರೆದು ಸರೂಪೆಯನ್ನು ಮದುವೆಯಾದನು. ಕಮಲಶ್ರೀಯ ಮಗ ಭವಿಷ್ಯದತ್ತ, ಸರೂಪೆಯ ಮಗ ಬಂಧುದತ್ತ. ಬಂಧುದತ್ತನು 500 ವರ್ತಕರೊಡನೆ ಹಡಗು ಹತ್ತಿದಾಗ ಅಣ್ಣನೂ ಜೊತೆಗೆ ಹೊರಟನು. ದಾರಿಯಲ್ಲಿ ತಿಲಕದ್ವೀಪದಲ್ಲಿ ಇಳಿದಾಗ, ತಾಯಿಯ ದುರ್ಬೋಧನೆಯಂತೆ ಬಂಧುದತ್ತನು ಅಣ್ಣನನ್ನು ಅಲ್ಲಿಯೇ ಬಿಟ್ಟು ಹೋದನು.

ಕಾಡು ದಾಟಿದ ಭವಿಷ್ಯದತ್ತನಿಗೆ ಒಂದು ನಗರ ಕಂಡಿತು. ಅಂಗಡಿಗಳಲ್ಲಿ ಸರಕಿದೆ, ಮನೆಗಳಲ್ಲಿ ಸಂಪತ್ತಿದೆ, ಜನರಿಲ್ಲ. ಅಲ್ಲಿದ್ದ ಚಂದ್ರಪ್ರಭ ತೀರ್ಥಂಕರರ ಜಿನಾಲಯದಲ್ಲಿ ಪೂಜೆ ಸಲ್ಲಿಸಿದ ಮೇಲೆ ಅವನು ಒಂದು ಮನೆಯಲ್ಲಿ ಭವಿಷ್ಯಾನುರೂಪೆಯನ್ನು ಕಂಡನು. ಊರನ್ನೆಲ್ಲ ಅಸುರನೊಬ್ಬನು ನಾಶ ಮಾಡಿದ್ದನು, ಉಳಿದವಳು ಇವಳೊಬ್ಬಳೇ. ಅಸುರನು ಭವಿಷ್ಯದತ್ತನ ಮೇಲೂ ಎರಗಿ ಬಂದನು. ಆದರೆ ಪೂರ್ವಜನ್ಮದ ಸ್ನೇಹ ತಿಳಿದ ಕೂಡಲೇ ಅವನ ಕ್ರೋಧ ಇಳಿಯಿತು. ಅವನೇ ನಿಂತು ಇಬ್ಬರಿಗೂ ವಿವಾಹ ಮಾಡಿಸಿದನು.

ಅಸುರನಿಗಿಂತ ಮನುಷ್ಯನ ಭಯ

ಕೆಲವು ಕಾಲದ ಮೇಲೆ ಬಂಧುದತ್ತನು ಎಲ್ಲವನ್ನೂ ಕಳೆದುಕೊಂಡು ಅದೇ ತೀರಕ್ಕೆ ಬಂದನು. ಅಣ್ಣ ಕ್ಷಮಿಸಿದನು. ದಂಪತಿಗಳು ತಮ್ಮ ಸಂಪತ್ತನ್ನು ಅವನ ಹಡಗಿಗೆ ಏರಿಸಿದರು. ಭವಿಷ್ಯದತ್ತನು ಮತ್ತೊಮ್ಮೆ ಊರೊಳಗೆ ಹೋದ ಹೊತ್ತು ನೋಡಿ ಬಂಧುದತ್ತನು ಅತ್ತಿಗೆಯನ್ನೂ ಹಣವನ್ನೂ ಹೊತ್ತು ಹಡಗು ಬಿಟ್ಟನು. ಗಜಪುರಕ್ಕೆ ಬಂದು ಅವಳು ತನ್ನ ವಧು ಎಂದು ಸಾರಿದನು. ಮದುವೆಯ ಸಿದ್ಧತೆಯೂ ನಡೆಯಿತು.

ಅವಳ ಸ್ಥಿತಿಯನ್ನು ಯೋಚಿಸಿ ನೋಡಿ. ಗುರುತಿನವರಿಲ್ಲದ ಊರು, ಸುಳ್ಳು ಹೇಳುವವನು ಪ್ರತಿಷ್ಠಿತ ಮನೆಯ ಮಗ. ಆದರೂ ಅವಳು ಶೀಲದಿಂದ ಕದಲಲಿಲ್ಲ. ಅತ್ತ ಕಮಲಶ್ರೀ ಸುವ್ರತಾ ಆರ್ಯಿಕೆಯ ಉಪದೇಶದಂತೆ ಮಗನಿಗಾಗಿ ಪಂಚಮಿ ವ್ರತ ಆಚರಿಸುತ್ತಿದ್ದಳು. ಮಾಣಿಭದ್ರ ಯಕ್ಷನ ವಿಮಾನದಲ್ಲಿ ಭವಿಷ್ಯದತ್ತನು ಊರಿಗೆ ಬಂದು ಭೂಪಾಲ ರಾಜನ ಸಭೆಯಲ್ಲಿ ಸತ್ಯವನ್ನು ಮುಂದಿಟ್ಟನು. ಬಂಧುದತ್ತನಿಗೆ ಶಿಕ್ಷೆಯಾಯಿತು. ಮುಂದೆ ಪೋದನಪುರದ ಅರಸನೊಡನೆ ನಡೆದ ಯುದ್ಧದಲ್ಲಿ ಗೆದ್ದ ಭವಿಷ್ಯದತ್ತನಿಗೆ ರಾಜ್ಯದ ಪಾಲೂ ರಾಜಕುಮಾರಿ ಸುಮಿತ್ರೆಯೂ ದೊರೆತರು. ಭವಿಷ್ಯಾನುರೂಪೆ ರಾಣಿಯಾದಳು.

ಗರ್ಭಿಣಿಯಾದಾಗ ಅವಳಿಗಾದ ಬಯಕೆ ಏನು ಗೊತ್ತೇ? ತಿಲಕದ್ವೀಪವನ್ನು ಮತ್ತೆ ನೋಡಬೇಕೆಂಬುದು. ವಿದ್ಯಾಧರನೊಬ್ಬನ ನೆರವಿನಿಂದ ದಂಪತಿಗಳು ಅಲ್ಲಿಗೆ ಹೋಗಿ ಚಂದ್ರಪ್ರಭ ಸ್ವಾಮಿಯನ್ನು ಪೂಜಿಸಿದರು. ತನ್ನವರನ್ನೆಲ್ಲ ಕಳೆದುಕೊಂಡ ನೆಲ ಅವಳಿಗೆ ಭಯದ ಜಾಗವಾಗಿ ಉಳಿಯಲಿಲ್ಲ, ಕ್ಷೇತ್ರವಾಯಿತು.

ನಮಗೇನು ಪಾಠ?

ಈ ಕಥೆಯಲ್ಲಿ ಅಸುರನಿದ್ದಾನೆ, ಯಕ್ಷನಿದ್ದಾನೆ, ಮಾಯೆಯೂ ಇದೆ. ಆದರೆ ಯಾರೂ ಮಾಟಕ್ಕೆ ಪ್ರತಿಮಾಟ ಮಾಡಿಸುವುದಿಲ್ಲ. ತಾಯಿ ವ್ರತ ಹಿಡಿಯುತ್ತಾಳೆ, ಮಗ ಜಿನಪೂಜೆ ಮಾಡುತ್ತಾನೆ, ಸೊಸೆ ಶೀಲ ಕಾಯುತ್ತಾಳೆ. ಊರನ್ನೇ ನಾಶ ಮಾಡಿದ ಅಸುರ ಶಾಂತನಾದನು, ಒಡಹುಟ್ಟಿದವನ ಲೋಭ ಮಾತ್ರ ಕ್ಷಮೆಗೂ ಬಗ್ಗಲಿಲ್ಲ. ಅಂದರೆ ನಾವು ಹೆದರಬೇಕಾದದ್ದು ಹೊರಗಿನ ಭೂತಕ್ಕಲ್ಲ, ಒಳಗಿನ ಕಷಾಯಕ್ಕೆ.

ಆಚಾರ್ಯ ಸಮಂತಭದ್ರರು ರತ್ನಕರಂಡಕ ಶ್ರಾವಕಾಚಾರದಲ್ಲಿ ಲೋಕಮೂಢತೆ, ದೇವಮೂಢತೆ, ಪಾಖಂಡಿಮೂಢತೆ ಎಂಬ ಮೂರನ್ನು ಬಿಡಬೇಕೆಂದಿದ್ದಾರೆ. ಇಂದಿಗೂ ಮನೆಯಲ್ಲಿ ಕಾಯಿಲೆ ಬಂದರೆ, ವ್ಯಾಪಾರ ಕುಸಿದರೆ, ಮದುವೆ ತಡವಾದರೆ 'ಯಾರೋ ಏನೋ ಮಾಡಿಸಿದ್ದಾರೆ' ಎಂಬ ಮಾತು ಬರುತ್ತದೆ. ಸಂಶಯ ಹೆಚ್ಚಾಗಿ ಬೀಳುವುದು ನೆಂಟರ ಮೇಲೆ, ಅದರಲ್ಲೂ ಹೊಸದಾಗಿ ಬಂದ ಸೊಸೆಯ ಮೇಲೆ. ಹಣವೂ ಹೋಗುತ್ತದೆ, ಸಂಬಂಧವೂ ಹೋಗುತ್ತದೆ. ಅಂಥ ಹೊತ್ತಿನಲ್ಲಿ ಭವಿಷ್ಯಾನುರೂಪೆಯನ್ನು ನೆನೆಯಬೇಕು.

ವ್ರತ ಮತ್ತು ಪರ್ವ

ಕಥೆಯಲ್ಲಿ ಬರುವ ವ್ರತವೆಂದರೆ ಪ್ರತಿ ತಿಂಗಳ ಶುಕ್ಲ ಪಂಚಮಿಯಂದು ಉಪವಾಸ. ಇದನ್ನು 5 ವರ್ಷ 5 ತಿಂಗಳು ಆಚರಿಸಿ ಉದ್ಯಾಪನೆ ಮಾಡುವ ಕ್ರಮವಿದೆ. ನಮ್ಮ ಬಸದಿಗಳಲ್ಲಿ ಜ್ಯೇಷ್ಠ ಶುಕ್ಲ ಪಂಚಮಿಯಂದು ಆಚರಿಸುವ ಶ್ರುತಪಂಚಮಿ ಪರ್ವವು ಪುಷ್ಪದಂತ-ಭೂತಬಲಿ ಆಚಾರ್ಯರ ಷಟ್ಖಂಡಾಗಮ ಪೂರ್ಣಗೊಂಡ ದಿನದ ಸ್ಮರಣೆ. ಅದರ ಧವಲಾ ಟೀಕೆಯ ತಾಳೆಗರಿ ಪ್ರತಿಗಳನ್ನು ಶತಮಾನಗಳ ಕಾಲ ಕಾಪಾಡಿದ್ದು ನಮ್ಮ ಮೂಡುಬಿದಿರೆ. ವ್ರತವಾಗಲಿ ಪರ್ವವಾಗಲಿ, ಎರಡರ ತಿರುಳೂ ಜ್ಞಾನದ ಆರಾಧನೆಯೇ.

ಈ ಬಾರಿ ಶ್ರುತಪೂಜೆ ಮುಗಿಸಿ ಮನೆಗೆ ಬಂದ ಮೇಲೆ ಮಕ್ಕಳನ್ನು ಕೂರಿಸಿಕೊಂಡು ಈ ಕಥೆ ಹೇಳಿ. ಅಸುರ ಬಂದಾಗ ಮಕ್ಕಳು ಹೆದರುತ್ತಾರೆ. ಅವನು ಏಕೆ ಶಾಂತನಾದನು, ಬಂಧುದತ್ತ ಏಕೆ ಆಗಲಿಲ್ಲ ಎಂದು ಅವರನ್ನೇ ಕೇಳಿ.

ಜೈ ಜಿನೇಂದ್ರ.